ಯೊದೊ ನದಿಯ ಬಾತುಗಳು ಮತ್ತು ಫ್ಲೂ ಜ್ವರದ ಮಾತ್ರೆ



ಜಪಾನಿನ ಒಸಾಕಾ ನಗರದಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದು, ಮನೆಮಂದಿಗೆಲ್ಲ ಫ್ಲೂ ಜ್ವರ ಬಂದು ಮಾತ್ರೆಯಿಂದ ಗುಣವಾದ ಸಮಾಚಾರವನ್ನು ತಿಳಿಸಿದ್ದರು. ತಾವು ದಿನವೂ ದಾಟುವ ಯೊದೊ ನದಿಯ ನೀರಿನಲ್ಲಿ ಹಿಂದೊಮ್ಮೆ ಇಂಥದೇ ಮಾತ್ರೆಯ ಅಂಶ ದೊರೆತಿತ್ತಂತೆ, ನಿಜವೇ ಮೇಷ್ಟ್ರೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದರು. ನಿಜ. ಆದರೆ ಅದರ ಹಿಂದಿರುವ ಕಥೆ ಒಂದು ಸಾಲಿನ ಉತ್ತರದಲ್ಲಿ ಮುಗಿಯುವಂಥದ್ದಲ್ಲ. ರಾಜರಿಗೂ ಯುದ್ಧಗಳಿಗೂ ಚರಿತ್ರೆಯಿರುವಂತೆ ಒಂದು ಮಾತ್ರೆಗೂ ಚರಿತ್ರೆಯಿದೆ. ಅದನ್ನು ಎಲ್ಲರೂ ಓದಲೆಂದು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ನದಿಯ ಪರಿಚಯ. ಜಪಾನಿನ ಅತಿ ದೊಡ್ಡ ಸರೋವರವಾದ ಬಿವಾದಿಂದ ಹೊರಡುವ ನೀರು ಕ್ಯೋಟೋ ನಗರದ ದಕ್ಷಿಣಕ್ಕೆ ಬರುವಾಗ ಉಜಿ ಎಂಬ ಹೆಸರು ಪಡೆಯುತ್ತದೆ. ಅಲ್ಲಿಗೆ ಕಾತ್ಸುರಾ ಮತ್ತು ಕಿಜು ಎಂಬ ಎರಡು ನದಿಗಳು ಬಂದು ಕೂಡುತ್ತವೆ. ಈ ಸಂಗಮದಿಂದ ಮುಂದಕ್ಕೆ ಅದು ಯೊದೊ ನದಿ. ಒಸಾಕಾ ನಗರವನ್ನು ಹಾದು ಸಮುದ್ರ ಸೇರುತ್ತದೆ. ಕ್ರಿ.ಶ. 794ರಲ್ಲಿ ಕ್ಯೋಟೋ ರಾಜಧಾನಿಯಾದ ಮೇಲೆ ಸಾವಿರ ವರ್ಷಗಳ ಕಾಲ ದೋಣಿಗಳು, ಅಕ್ಕಿಮೂಟೆಗಳು, ಯಾತ್ರಿಕರು ಇದೇ ನೀರಿನ ಮೇಲೆ ಸಂಚರಿಸಿದರು. ಕ್ಯೋಟೋ ನಗರದ ನಡುವೆ ಹರಿದು ಕಾತ್ಸುರಾವನ್ನು ಸೇರುವ ಕಾಮೋ ನದಿಯ ಬಗ್ಗೆ ಒಂದು ಐತಿಹ್ಯವೂ ಇದೆ. ಹನ್ನೊಂದನೆಯ ಶತಮಾನದ ಶಿರಕಾವಾ ಚಕ್ರವರ್ತಿಯು ತನ್ನ ಅಪ್ಪಣೆಗೆ ಒಳಪಡದ ಮೂರು ಸಂಗತಿಗಳಲ್ಲಿ ಕಾಮೋ ನದಿಯ ನೀರನ್ನೂ ಒಂದೆಂದು ಎಣಿಸಿದನಂತೆ. ಇಂದು ಬಿವಾ ಮತ್ತು ಯೊದೊ ಜಲಾನಯನದ ನೀರನ್ನು ಸುಮಾರು 1 ಕೋಟಿ 40 ಲಕ್ಷ ಜನ ಕುಡಿಯುತ್ತಾರೆ. ಚಳಿಗಾಲ ಬಂತೆಂದರೆ ಉತ್ತರದ ಶೀತಪ್ರದೇಶಗಳಿಂದ ವಲಸೆ ಬರುವ ಕಾಡುಬಾತುಗಳು ಈ ನದಿಗಳಲ್ಲಿ ಇಳಿಯುತ್ತವೆ. ಫ್ಲೂ ಜ್ವರ ಹರಡುವ ಕಾಲವೂ ಅದೇ ಚಳಿಗಾಲ. ಈ ಎರಡು ಸಂಗತಿಗಳನ್ನು ನೆನಪಿನಲ್ಲಿಡಿ.

ಇನ್ನು ಮಾತ್ರೆಯ ವಿಷಯ. ಫ್ಲೂ ವೈರಾಣುವಿನ ಮೈಮೇಲೆ ಎರಡು ಬಗೆಯ ಮುಳ್ಳುಗಳಿವೆ. ಒಂದು ನಮ್ಮ ಜೀವಕೋಶಕ್ಕೆ ಅಂಟಿಕೊಂಡು ಒಳನುಗ್ಗಲು. ಇನ್ನೊಂದು, ಒಳಗೆ ವೃದ್ಧಿಯಾದ ಮರಿವೈರಾಣುಗಳು ಕೋಶದ ಅಂಟನ್ನು ಕತ್ತರಿಸಿಕೊಂಡು ಹೊರಹೋಗಲು. ಈ ಎರಡನೆಯದರ ಹೆಸರು ನ್ಯೂರಾಮಿನಿಡೇಸ್. ಎಚ್‌1ಎನ್‌1 ಎನ್ನುವಾಗ ಬರುವ 'ಎನ್' ಅದರದೇ ಮೊದಲಕ್ಷರ. 1983ರಲ್ಲಿ ಆಸ್ಟ್ರೇಲಿಯಾದ ಪೀಟರ್ ಕೋಲ್ಮನ್ ಮತ್ತು ಸಂಗಡಿಗರು ಈ ಕತ್ತರಿಯ ಆಕಾರವನ್ನು ಅಣು ಅಣುವಾಗಿ ಕಂಡುಹಿಡಿದರು. ಕತ್ತರಿಯ ಬಾಯಿಗೆ ಸರಿಯಾಗಿ ಸಿಕ್ಕಿಕೊಳ್ಳುವ ಒಂದು ಚೂರನ್ನು ತಯಾರಿಸಿದರೆ ವೈರಾಣು ಕೋಶದಲ್ಲಿಯೇ ಬಂದಿಯಾಗುತ್ತದೆ ಎಂಬುದು ಅಲ್ಲಿಂದ ಬೆಳೆದ ವಿಚಾರ. ಹೀಗೆ ಹುಟ್ಟಿದ ಔಷಧಗಳಲ್ಲಿ ಒಂದು ಒಸೆಲ್ಟಾಮಿವಿರ್. ಇದನ್ನು ಅಮೆರಿಕದ ಗಿಲಿಯಡ್ ಸಂಸ್ಥೆ ರೂಪಿಸಿತು. ಸ್ವಿಟ್ಜರ್ಲೆಂಡಿನ ರೋಶ್ ಸಂಸ್ಥೆ 'ಟಾಮಿಫ್ಲೂ' ಎಂಬ ಹೆಸರಿನಲ್ಲಿ ಮಾರಿತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ದೊರೆತದ್ದು 1999ರಲ್ಲಿ. ಜಪಾನಿನ ಮಾರುಕಟ್ಟೆಗೆ ಬಂದದ್ದು 2001ರಲ್ಲಿ.

ಈ ಔಷಧದ ಮೂಲದ್ರವ್ಯ ನಮ್ಮ ಅಡುಗೆಮನೆಯ ಡಬ್ಬಿಯಲ್ಲಿಯೇ ಇದೆಯೆಂದರೆ ಗೃಹಿಣಿಯರಿಗೆ ಆಶ್ಚರ್ಯವಾದೀತು. ಪಲಾವಿಗೆ ಹಾಕುವ ಚಕ್ರಮೊಗ್ಗಿನಿಂದ ಶಿಕಿಮಿಕ್ ಆಮ್ಲವನ್ನು ತೆಗೆದು, ಅದರಿಂದ ಈ ಔಷಧವನ್ನು ತಯಾರಿಸುತ್ತಿದ್ದರು. ಮುಂದೆ ಅದೇ ಆಮ್ಲವನ್ನು ಬ್ಯಾಕ್ಟೀರಿಯಾಗಳ ಮೂಲಕವೂ ಪಡೆಯುವ ವಿಧಾನ ಬಂತು. ಚಕ್ರಮೊಗ್ಗನ್ನು ತಿಂದರೆ ಫ್ಲೂ ವಾಸಿಯಾಗುತ್ತದೆಯೆಂದು ಮಾತ್ರ ಯಾರೂ ಭಾವಿಸಬಾರದು. ಆ ಆಮ್ಲ ಔಷಧವಾಗಲು ಹಲವು ರಾಸಾಯನಿಕ ಹಂತಗಳನ್ನು ದಾಟಬೇಕು. 'ಶಿಕಿಮಿಕ್' ಎಂಬ ಹೆಸರು ಬಂದದ್ದು ಜಪಾನಿನ 'ಶಿಕಿಮಿ' ಎಂಬ ಮರದಿಂದ. ಚಕ್ರಮೊಗ್ಗಿನ ದಾಯಾದಿಯಾದ ಈ ಮರದ ಕಾಯಿ ವಿಷ. ಅದರ ಎಲೆಗಳ ರೆಂಬೆಯನ್ನು ಅಲ್ಲಿನ ಬೌದ್ಧರು ಸಮಾಧಿಗಳ ಮುಂದೆ ಇಡುತ್ತಾರೆ. 1885ರಲ್ಲಿ ಐಕ್‌ಮನ್ ಎಂಬ ಡಚ್ ರಸಾಯನಜ್ಞ ಆ ಮರದಿಂದಲೇ ಈ ಆಮ್ಲವನ್ನು ಮೊದಲು ಬೇರ್ಪಡಿಸಿದ.

ಔಷಧ ಬಂದ ಕಾಲವೂ ಅಂಥದು. 1997ರಲ್ಲಿ ಹಾಂಗ್‌ಕಾಂಗಿನಲ್ಲಿ ಎಚ್‌5ಎನ್‌1 ಎಂಬ ಹಕ್ಕಿಜ್ವರ 18 ಮಂದಿಗೆ ತಗುಲಿ, ಅವರಲ್ಲಿ 6 ಮಂದಿ ತೀರಿಕೊಂಡಿದ್ದರು. 2003ರ ಕೊನೆಯಿಂದ ಅದು ಏಷ್ಯಾದ ದೇಶದೇಶಗಳಿಗೆ ಹಬ್ಬಿತು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿಗಳಲ್ಲಿ ಕಾಣಿಸಿಕೊಂಡಾಗ ನಮ್ಮ ಊರುಗಳಲ್ಲಿಯೂ ಜನ ಕೋಳಿ, ಮೊಟ್ಟೆ ಕೊಳ್ಳಲು ಹೆದರಿದ್ದು ನಿಮಗೆ ನೆನಪಿರಬಹುದು. 1918ರ ಇನ್‌ಫ್ಲುಯೆಂಜಾದಂಥ ಮಹಾಮಾರಿ ಮತ್ತೆ ಬಂದರೆ ಲಸಿಕೆ ತಯಾರಾಗುವವರೆಗೆ ಕೈಯಲ್ಲಿ ಇರುವ ಆಯುಧ ಇದೊಂದೇ ಎಂದು ಸರ್ಕಾರಗಳು ಟಾಮಿಫ್ಲೂವನ್ನು ಉಗ್ರಾಣಗಳಲ್ಲಿ ಕೂಡಿಡತೊಡಗಿದವು. ಜಪಾನಿನಲ್ಲಾದರೋ ಕೂಡಿಟ್ಟದ್ದಷ್ಟೇ ಅಲ್ಲ, ಪ್ರತಿ ಚಳಿಗಾಲದ ಸಾಮಾನ್ಯ ಫ್ಲೂ ಜ್ವರಕ್ಕೂ ವೈದ್ಯರು ಅದನ್ನು ಬರೆದುಕೊಟ್ಟರು. ಆ ವರ್ಷಗಳಲ್ಲಿ ಜಗತ್ತಿನಲ್ಲಿ ಬಳಕೆಯಾದ ಟಾಮಿಫ್ಲೂವಿನ ಸುಮಾರು ಮುಕ್ಕಾಲು ಪಾಲು ಆ ಒಂದು ದೇಶದಲ್ಲೇ ಖರ್ಚಾಯಿತು.

ನುಂಗಿದ ಮಾತ್ರೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೂ ತನ್ನದೇ ಚರಿತ್ರೆಯಿದೆ. ರೋಗ ವಾಸಿಯಾದರೆ ಔಷಧದ ಕೆಲಸ ಮುಗಿಯಿತು, ಔಷಧವೂ ಮುಗಿಯಿತು ಎಂದೇ ಬಹುಕಾಲ ಎಲ್ಲರ ಭಾವನೆ. 1977ರಲ್ಲಿ ಅಮೆರಿಕದ ಕ್ಯಾನ್ಸಾಸ್ ಸಿಟಿಯ ಕೊಳಚೆನೀರಿನಲ್ಲಿ, ಶುದ್ಧೀಕರಣದ ನಂತರವೂ, ಎರಡು ಪದಾರ್ಥಗಳು ಉಳಿದದ್ದು ವರದಿಯಾಯಿತು. ಒಂದು, ರಕ್ತದ ಕೊಬ್ಬು ಇಳಿಸುವ ಔಷಧದ ಶೇಷವಾದ ಕ್ಲೋಫಿಬ್ರಿಕ್ ಆಮ್ಲ. ಇನ್ನೊಂದು ಸ್ಯಾಲಿಸಿಲಿಕ್ ಆಮ್ಲ, ಅಂದರೆ ಜ್ವರ ಬಂದಾಗ ಜಗತ್ತೆಲ್ಲ ನುಂಗುತ್ತಿದ್ದ ಆಸ್ಪಿರಿನ್ನಿನ ಶೇಷ. ವರದಿಯನ್ನು ಹೆಚ್ಚು ಜನ ಲಕ್ಷಿಸಲಿಲ್ಲ. 1990ರ ದಶಕದಲ್ಲಿ ಬರ್ಲಿನ್ ನಗರದ ಅಂತರ್ಜಲದಲ್ಲಿ ಅದೇ ಕ್ಲೋಫಿಬ್ರಿಕ್ ಆಮ್ಲ ಸಿಕ್ಕಿತು. 1998ರಲ್ಲಿ ಥಾಮಸ್ ಟೆರ್ನೆಸ್ ಎಂಬ ವಿಜ್ಞಾನಿ ಜರ್ಮನಿಯ ಶುದ್ಧೀಕರಣ ಘಟಕಗಳನ್ನೂ ನದಿಗಳನ್ನೂ ಪರೀಕ್ಷಿಸಿ ಮೂವತ್ತಕ್ಕೂ ಹೆಚ್ಚು ಔಷಧಗಳ ಅವಶೇಷಗಳನ್ನು ತೋರಿಸಿಕೊಟ್ಟಾಗ ಈ ವಿಷಯಕ್ಕೆ ಒಂದು ಶಾಸ್ತ್ರದ ಸ್ಥಾನ ದೊರೆಯಿತು. ಮಲಮೂತ್ರಗಳನ್ನು ಶುದ್ಧಿಮಾಡಲೆಂದು ಕಟ್ಟಿದ ಘಟಕಗಳು ಔಷಧಗಳ ವಿಷಯದಲ್ಲಿ ಒಂದೇ ತೆರನಾಗಿ ವರ್ತಿಸುವುದಿಲ್ಲ. ಪ್ಯಾರಾಸಿಟಮಾಲ್ ಬಹುಪಾಲು ಅಲ್ಲಿಯೇ ನಾಶವಾಗುತ್ತದೆ. ಇನ್ನು ಕೆಲವು ಹೇಗೆ ಬಂದವೋ ಹಾಗೆಯೇ ಹೊರಗೆ ಹೋಗುತ್ತವೆ.

ಟಾಮಿಫ್ಲೂ ಈ ಎರಡನೆಯ ಗುಂಪಿಗೆ ಸೇರಿದ್ದು. ನಾವು ನುಂಗುವಾಗ ಅದು ಇನ್ನೂ ಔಷಧವಲ್ಲ. ಯಕೃತ್ತು ಅದನ್ನು ಒಸೆಲ್ಟಾಮಿವಿರ್ ಕಾರ್ಬಾಕ್ಸಿಲೇಟ್ ಎಂಬ ಕೆಲಸಮಾಡುವ ರೂಪಕ್ಕೆ ಪರಿವರ್ತಿಸುತ್ತದೆ. ಆ ರೂಪವನ್ನು ದೇಹ ಮುಂದೆ ಒಡೆಯುವುದಿಲ್ಲ. ಅದು ಮೂತ್ರದಲ್ಲಿ ಹಾಗೆಯೇ ಹೊರಬೀಳುತ್ತದೆ. ತರಗತಿಯಲ್ಲಿ ಮಾಡುವಂತೆ ಒಂದು ಲೆಕ್ಕ ಮಾಡೋಣ. ವಯಸ್ಕ ರೋಗಿಗೆ ದಿನಕ್ಕೆರಡು ಸಲ 75 ಮಿಲಿಗ್ರಾಂ, ಐದು ದಿನ. ಒಟ್ಟು 750 ಮಿಲಿಗ್ರಾಂ. ಅದರಲ್ಲಿ ಮೂತ್ರದೊಂದಿಗೆ ಹೋಗುವ ಕ್ರಿಯಾಶೀಲ ಔಷಧ ಸುಮಾರು 500 ಮಿಲಿಗ್ರಾಂ. ಲೀಟರಿಗೆ ಒಂದು ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗ, ಸೇರಿಸುತ್ತ ಹೋದರೆ ಒಬ್ಬ ರೋಗಿಯಿಂದ ಹೊರಬಂದದ್ದು 5 ಲಕ್ಷ ಲೀಟರು ನೀರಿಗೆ ಸಾಕಾಗುತ್ತದೆ. ಒಂದು ಮೈಕ್ರೋಗ್ರಾಂ ಎಂಬ ಈ ಅಳತೆಯನ್ನು ಬೇಕೆಂದೇ ಆರಿಸಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ.

ನೀರಿನಲ್ಲಿ ಇಷ್ಟು ಸ್ವಲ್ಪ ಔಷಧವಿದ್ದರೆ ಯಾರಿಗೆ ಏನಾದೀತು? ಮನುಷ್ಯರಿಗೆ ಏನೂ ಆಗದು. ಯೋಚಿಸಬೇಕಾದದ್ದು ಬಾತುಗಳ ವಿಷಯ. ಫ್ಲೂ ವೈರಾಣುವಿನ ತವರುಮನೆ ಮನುಷ್ಯನಲ್ಲ, ಕಾಡುಬಾತು. ಇದು 1970ರ ದಶಕದಲ್ಲಿ ರಾಬರ್ಟ್ ವೆಬ್‌ಸ್ಟರ್ ಮೊದಲಾದವರ ಶೋಧನೆಗಳಿಂದ ಸ್ಪಷ್ಟವಾಯಿತು. ನಮಗೆ ಶ್ವಾಸಕೋಶದ ರೋಗವಾದದ್ದು ಬಾತಿಗೆ ಕರುಳಿನ ಅತಿಥಿ. ಸಾಮಾನ್ಯವಾಗಿ ಬಾತು ಕಾಯಿಲೆ ಬೀಳುವುದೂ ಇಲ್ಲ. ಹಿಕ್ಕೆಯೊಡನೆ ವೈರಾಣುಗಳನ್ನು ನೀರಿಗೆ ಬಿಡುತ್ತದೆ, ಅದೇ ನೀರನ್ನು ಇನ್ನೊಂದು ಬಾತು ಕುಡಿಯುತ್ತದೆ. ಆ ನೀರಿನಲ್ಲಿ ಟಾಮಿಫ್ಲೂ ಇದ್ದರೆ, ಬಾತಿನ ಕರುಳಿನಲ್ಲಿರುವ ಕೋಟ್ಯಂತರ ವೈರಾಣುಗಳಲ್ಲಿ ಔಷಧಕ್ಕೆ ಬಗ್ಗದ ಒಂದೆರಡು ಬದುಕಿ, ಬಗ್ಗುವವು ಹಿಂದೆ ಬೀಳುತ್ತವೆ. ಮುಂದಿನ ಮಹಾಮಾರಿಯ ವೈರಾಣು ಹುಟ್ಟುವಾಗ ಹಕ್ಕಿಗಳ ವೈರಾಣುವಿನ ತುಣುಕುಗಳು ಅದರಲ್ಲಿ ಸೇರುವ ಸಂಭವವಿದೆ. ಹಾಗಾದರೆ ಯಾವ ಶತ್ರುವಿಗಾಗಿ ಆಯುಧವನ್ನು ಉಗ್ರಾಣದಲ್ಲಿ ಇಟ್ಟಿದ್ದೆವೋ ಆ ಶತ್ರು ಮೊದಲೇ ಕವಚ ತೊಟ್ಟು ಬರಬಹುದು.

ಈ ಅಪಾಯವನ್ನು ವಿಜ್ಞಾನಿಗಳು ನದಿಯಲ್ಲಿ ಔಷಧ ಸಿಗುವುದಕ್ಕೆ ಮೊದಲೇ ಊಹಿಸಿದರು ಎಂಬುದು ನನಗೆ ಬಹಳ ಮೆಚ್ಚುಗೆಯಾದ ಅಂಶ. 2007ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ಸಿಂಗರ್ ಮತ್ತು ಸಹೋದ್ಯೋಗಿಗಳು, ಮಹಾಮಾರಿಯ ಕಾಲದಲ್ಲಿ ಇಷ್ಟು ಜನ ಟಾಮಿಫ್ಲೂ ನುಂಗಿದರೆ ಬ್ರಿಟನ್ ಮತ್ತು ಅಮೆರಿಕದ ನದಿಗಳಲ್ಲಿ ಎಷ್ಟು ಔಷಧ ಸೇರೀತು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ಪ್ರಕಟಿಸಿದರು. ಅದೇ ವರ್ಷ ಸ್ವೀಡನ್ನಿನ ಉಮಿಯೋ ಮತ್ತು ಉಪ್ಸಾಲಾ ನಗರಗಳ ಸಂಶೋಧಕರು, ಕೊಳಚೆನೀರು ಶುದ್ಧೀಕರಣದ ಸಾಮಾನ್ಯ ವಿಧಾನಗಳು ಈ ಔಷಧವನ್ನು ತೆಗೆಯಲಾರವು ಎಂದು ಪ್ರಯೋಗದಿಂದ ತೋರಿಸಿದರು. ಆ ಮೇಲೆ ಅವರು ನೋಡಿದ್ದು, ಅತಿಹೆಚ್ಚು ಟಾಮಿಫ್ಲೂ ನುಂಗುವ ದೇಶದ ಕಡೆಗೆ.

2007-08ರ ಫ್ಲೂ ಋತುವಿಗೆ ಮೊದಲು ಯೊದೊ ನದೀವ್ಯವಸ್ಥೆಯಿಂದ ನೀರಿನ ಮಾದರಿಗಳನ್ನು ತೆಗೆದರು, ಔಷಧ ಸಿಗಲಿಲ್ಲ. ಋತುವಿನ ನಡುವೆ ಮತ್ತೆ ತೆಗೆದರು. ಲೀಟರಿಗೆ 2ರಿಂದ 58 ನ್ಯಾನೋಗ್ರಾಂ ಸಿಕ್ಕಿತು. ನ್ಯಾನೋಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಭಾಗ. 25 ಲಕ್ಷ ಲೀಟರು ಹಿಡಿಯುವ ಒಂದು ದೊಡ್ಡ ಕಲ್ಯಾಣಿಯಲ್ಲಿ ಎರಡು ಮಾತ್ರೆ ಕರಗಿಸಿದಂತೆ ಎಂದರೆ 58ರ ಅಂದಾಜು ಸಿಕ್ಕೀತು. ಅಂಥ ನೀರನ್ನು ದಿನಕ್ಕೆ ಎರಡು ಲೀಟರಿನಂತೆ ಎಪ್ಪತ್ತು ವರ್ಷ ಕುಡಿದರೂ ಹೊಟ್ಟೆಗೆ ಸೇರುವುದು ಮೂರು ಮಿಲಿಗ್ರಾಂ, ಒಂದು ಮಾತ್ರೆಯ ಇಪ್ಪತ್ತೈದನೆಯ ಒಂದು ಪಾಲು. ಒಸಾಕಾದಲ್ಲಿರುವ ನನ್ನ ವಿದ್ಯಾರ್ಥಿ ಈ ಕಾರಣಕ್ಕೆ ನಲ್ಲಿಯ ನೀರಿಗೆ ಹೆದರಬೇಕಾಗಿಲ್ಲ.

2009ರಲ್ಲಿ ಈ ವರದಿ ಪ್ರಕಟವಾಯಿತು. ಈ ನಡುವೆ 2008-09ರ ಋತುವಿನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಗೋಪಾಲ್ ಚಂದ್ರ ಘೋಷ್ ಮತ್ತು ಸಂಗಡಿಗರು ತಮ್ಮ ಊರಿನ ಶುದ್ಧೀಕರಣ ಘಟಕಗಳನ್ನೂ ನದಿಗಳನ್ನೂ ಪರೀಕ್ಷಿಸಿದ್ದರು. ಘಟಕದಿಂದ ಹೊರಬಿಟ್ಟ ನೀರಿನಲ್ಲಿ ಗರಿಷ್ಠ 293 ನ್ಯಾನೋಗ್ರಾಂ, ನದಿಯ ನೀರಿನಲ್ಲಿ ಗರಿಷ್ಠ 190 ನ್ಯಾನೋಗ್ರಾಂ ದೊರೆಯಿತು. ಜ್ವರ ಏರಿದಾಗ ನದಿಯಲ್ಲಿ ಔಷಧವೂ ಏರಿತ್ತು. ಒಂದು ಒಳ್ಳೆಯ ಸಂಗತಿಯನ್ನೂ ಅವರು ಗಮನಿಸಿದರು: ಕೊನೆಯ ಹಂತದಲ್ಲಿ ಓಜೋನ್ ಅನಿಲವನ್ನು ಹಾಯಿಸುವ ಘಟಕದಿಂದ ಹೊರಬಂದ ನೀರಿನಲ್ಲಿ ಔಷಧ ಬಹಳ ಕಡಿಮೆಯಿತ್ತು.

ಇನ್ನು ಉಳಿದ ಪ್ರಶ್ನೆ, ಬಾತಿನ ದೇಹದಲ್ಲಿ ನಿಜವಾಗಿ ಏನಾಗುತ್ತದೆ ಎಂಬುದು. ಸ್ವೀಡನ್ನಿನ ಯೋಸೆಫ್ ಯಾರ್ಹುಲ್ಟ್ ಮತ್ತು ಸಂಗಡಿಗರು ಮ್ಯಾಲಾರ್ಡ್ ಜಾತಿಯ ಬಾತುಗಳಿಗೆ ಹಕ್ಕಿಗಳ ಎಚ್‌1ಎನ್‌1 ವೈರಾಣುವನ್ನು ತಗುಲಿಸಿ, ಔಷಧ ಬೆರೆತ ನೀರಿನಲ್ಲಿ ಬಿಟ್ಟು ನೋಡಿದರು. ಲೀಟರಿಗೆ 80 ನ್ಯಾನೋಗ್ರಾಂ ಇದ್ದಾಗ ವೈರಾಣು ಬದಲಾಗಲಿಲ್ಲ. ಒಂದು ಮೈಕ್ರೋಗ್ರಾಂ, ಅಂದರೆ ಸಾವಿರ ನ್ಯಾನೋಗ್ರಾಂ ಆದಾಗ ಔಷಧಕ್ಕೆ ಬಗ್ಗದ ವೈರಾಣು ಕಾಣಿಸಿಕೊಂಡಿತು. 2011ರಲ್ಲಿ ಪ್ರಕಟವಾದ ಫಲಿತಾಂಶವಿದು. ಕ್ಯೋಟೋದ ನದಿಯಲ್ಲಿ ಅಳೆದ 190ಕ್ಕೂ ಈ ಸಾವಿರಕ್ಕೂ ನಡುವಣ ಅಂತರ ಸುಮಾರು ಐದು ಪಟ್ಟು ಮಾತ್ರ. ಮತ್ತು ಆ 190 ಬಂದದ್ದು ಸಾಮಾನ್ಯ ಚಳಿಗಾಲವೊಂದರಲ್ಲಿ, ಮಹಾಮಾರಿಯಲ್ಲಿ ಅಲ್ಲ. 2015ರಲ್ಲಿ ಅದೇ ದೇಶದವರು ಇನ್ನೊಂದನ್ನು ತೋರಿಸಿದರು: ಹೀಗೆ ಬದಲಾದ ಎಚ್‌1ಎನ್‌1 ವೈರಾಣು, ನೀರಿನಲ್ಲಿ ಔಷಧ ಇಲ್ಲದಿದ್ದಾಗಲೂ ಬಾತಿನಿಂದ ಬಾತಿಗೆ ಹರಡುತ್ತ ಬದಲಾದಂತೆಯೇ ಉಳಿಯಿತು. ಔಷಧ ನಿಲ್ಲಿಸಿದರೆ ವೈರಾಣು ತಾನಾಗಿ ಮೊದಲಿನಂತಾಗುತ್ತದೆಂಬ ಭರವಸೆ ಇಲ್ಲ.

ಇಲ್ಲಿಗೆ ನಿಲ್ಲಿಸಿ, ಜಪಾನಿನ ನದಿಯಿಂದಲೇ ಟಾಮಿಫ್ಲೂ ನಿಷ್ಪ್ರಯೋಜಕವಾಯಿತು ಎಂದು ಬರೆದುಬಿಟ್ಟರೆ ಲೇಖನ ರೋಚಕವಾಗುತ್ತಿತ್ತು; ಸುಳ್ಳೂ ಆಗುತ್ತಿತ್ತು. ಒಂದರ ನಂತರ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಲ್ಲ ಎಂದು ನಿಮ್ಮ ಉತ್ತರಪತ್ರಿಕೆಗಳಲ್ಲಿ ಕೆಂಪುಶಾಯಿಯಲ್ಲಿ ಎಷ್ಟು ಸಲ ಬರೆದಿದ್ದೇನೋ. ಅದಕ್ಕೆ ಒಳ್ಳೆಯ ನಿದರ್ಶನ ಇಲ್ಲಿಯೇ ಇದೆ. 2007-08ರಲ್ಲಿ ಮನುಷ್ಯರ ಎಚ್‌1ಎನ್‌1 ವೈರಾಣು ಟಾಮಿಫ್ಲೂವಿಗೆ ಬಗ್ಗದಂತಾಯಿತು. ಎಲ್ಲಿ? ಟಾಮಿಫ್ಲೂವನ್ನು ಬಹಳ ಕಡಿಮೆ ಬಳಸುತ್ತಿದ್ದ ನಾರ್ವೆಯಲ್ಲಿ. ಅಲ್ಲಿ ಪರೀಕ್ಷಿಸಿದ ಎಚ್‌1ಎನ್‌1 ಮಾದರಿಗಳಲ್ಲಿ ಮೂರನೆಯ ಎರಡು ಭಾಗ ಔಷಧಕ್ಕೆ ಬಗ್ಗಲಿಲ್ಲ. ಅತಿಹೆಚ್ಚು ಬಳಸಿದ ಜಪಾನಿನಲ್ಲಿ ಆ ವರ್ಷ ಅಂಥ ವೈರಾಣು ವಿರಳವಾಗಿತ್ತು. ಅದು ವೈರಾಣುವಿನ ಬೇರೆ ಬದಲಾವಣೆಗಳ ಜೊತೆ ತಾನಾಗಿ ಹುಟ್ಟಿ, ಮುಂದಿನ ವರ್ಷ ಜಗತ್ತನ್ನೆಲ್ಲ ವ್ಯಾಪಿಸಿತು. 2009ರ ಹೊಸ ಎಚ್‌1ಎನ್‌1 ಬಂದು ಹಳೆಯದನ್ನು ಮೂಲೆಗೆ ತಳ್ಳಿತು. ಆ ಹೊಸದಕ್ಕೆ ಟಾಮಿಫ್ಲೂ ನಾಟುತ್ತಿತ್ತು. ನದಿಯ ಬಾತಿನಲ್ಲಿ ಬದಲಾದ ವೈರಾಣು ಮನುಷ್ಯರಿಗೆ ಮಹಾಮಾರಿ ತಂದ ಉದಾಹರಣೆ ಇಂದಿನವರೆಗೆ ದಾಖಲಾಗಿಲ್ಲ. ಆದರೆ ಬಾಗಿಲು ಇಲ್ಲಿದೆ, ಚಿಲಕ ಸಡಿಲವಾಗಿದೆ ಎಂದು ತಿಳಿಯಲು ಕಳ್ಳ ಬರುವವರೆಗೆ ಕಾಯಬೇಕೇ?

ಬಾಗಿಲನ್ನು ಭದ್ರಪಡಿಸುವುದು ಹೇಗೆ ಎನ್ನುವಾಗ ಇನ್ನೊಂದು ಅಂಕಿಯನ್ನೂ ತೂಗಿ ನೋಡಬೇಕು. 2014ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಪರಾಮರ್ಶೆಯವರು ಔಷಧದ ಪ್ರಯೋಗಗಳ ಮೂಲದಾಖಲೆಗಳನ್ನೆಲ್ಲ ಓದಿ, ವಯಸ್ಕರಲ್ಲಿ ಟಾಮಿಫ್ಲೂ ಜ್ವರಲಕ್ಷಣಗಳ ಅವಧಿಯನ್ನು ಸುಮಾರು 17 ಗಂಟೆಗಳಷ್ಟು ಕಡಿಮೆ ಮಾಡುತ್ತದೆ ಎಂದು ಹೇಳಿದರು. ವೃದ್ಧರಿಗೆ, ಗರ್ಭಿಣಿಯರಿಗೆ, ಆಸ್ಪತ್ರೆ ಸೇರುವಷ್ಟು ಕಾಯಿಲೆಯಾದವರಿಗೆ ವೈದ್ಯರು ಇಂದಿಗೂ ಅದನ್ನು ಕೊಡುತ್ತಾರೆ, ಕೊಡಬೇಕು ಕೂಡ. ಮೂರು ದಿನ ಮಲಗಿ ಎದ್ದರೆ ವಾಸಿಯಾಗುವ ಗಟ್ಟಿಮುಟ್ಟಾದ ತರುಣನಿಗೂ ಅದು ಬೇಕೇ ಎಂಬುದು ಬೇರೆ ಮಾತು.

ನದಿ ಜಪಾನಿನದು, ನಮಗೇನು ಎನ್ನುವಂತಿಲ್ಲ. ದೇಹದಲ್ಲಿ ಕೆಲಸ ಮುಗಿಸಿದ ಔಷಧ ಮುಂದೆ ಏನು ಮಾಡೀತೆಂಬ ಪಾಠವನ್ನು ನಮ್ಮ ದೇಶ ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿದೆ. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿತು. ಕಾರಣ ಪತ್ತೆಯಾದದ್ದು 2004ರಲ್ಲಿ. ಪಶುಗಳಿಗೆ ಆ ಔಷಧವನ್ನು ನಿಷೇಧಿಸಿದ್ದು 2006ರಲ್ಲಿ. ಅಷ್ಟರಲ್ಲಿ ಆಕಾಶ ಬರಿದಾಗಿತ್ತು. ರಾಮನಗರದ ರಾಮದೇವರಬೆಟ್ಟದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ 2012ರಲ್ಲಿ ಅಭಯಧಾಮ ಮಾಡಬೇಕಾಯಿತು. ಇನ್ನು ಬೆಂಗಳೂರಿನ ವೃಷಭಾವತಿಯ ಸ್ಥಿತಿ ನಿಮಗೆ ಗೊತ್ತೇ ಇದೆ. ನಗರದ ಕೊಳಚೆಯನ್ನು ಹೊತ್ತು ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಸೇರುತ್ತದೆ. ಜ್ವರದ ಕಾಲದಲ್ಲಿ ನಗರ ನುಂಗುವ ಔಷಧಗಳು ಹೋಗುವ ದಾರಿಯೂ ಅದೇ.

ಹಾಗೆಂದು ಮಾತ್ರೆ ನುಂಗಬೇಡಿ ಎಂದು ಹೇಳುವಷ್ಟು ಅವಿವೇಕಿ ನಾನಲ್ಲ. ಬೇಕಾದಾಗ ವೈದ್ಯರ ಮಾತಿನಂತೆ ತೆಗೆದುಕೊಳ್ಳಿ. ನೆಗಡಿಗೆಲ್ಲ ಅಂಗಡಿಯವನನ್ನು ಕೇಳಿ ತರಬೇಡಿ. ಮಿಕ್ಕ ಮಾತ್ರೆಗಳನ್ನು ಶೌಚಾಲಯಕ್ಕೂ ಮೋರಿಗೂ ಸುರಿಯಬೇಡಿ. ಆದರೆ ಬಹುಪಾಲು ಔಷಧ ನೀರಿಗೆ ಸೇರುವುದು ರೋಗಿಗಳ ಮೂತ್ರದ ಮೂಲಕ. ಅಲ್ಲಿ ವ್ಯಕ್ತಿಯ ಎಚ್ಚರಿಕೆ ಸಾಲದು, ಒಳ್ಳೆಯ ಶುದ್ಧೀಕರಣ ಘಟಕಗಳೇ ಬೇಕು. ಅವಕ್ಕೆ ಹಣ ಖರ್ಚುಮಾಡುವ ಮಾತು ಬಂದಾಗ ಅದು ದಂಡ ಎನ್ನುವವರ ಜೊತೆ ದನಿಗೂಡಿಸಬೇಡಿ.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದೀರಿ, ಔಷಧದಂಗಡಿ ಇಟ್ಟವರಿದ್ದೀರಿ, ಜಲಮಂಡಳಿಯಲ್ಲಿ ದುಡಿಯುವವರೂ ಇದ್ದೀರಿ. ಈ ವಿಷಯದಲ್ಲಿ ನಿಮ್ಮ ಅನುಭವವನ್ನು ಬರೆದು ಕಳಿಸಿದರೆ ಸಂತೋಷದಿಂದ ಓದುತ್ತೇನೆ. ಎಲ್ಲರಿಗೂ ಆಯುರಾರೋಗ್ಯ ಲಭಿಸಲಿ.